ಫೋಟೋದಾಗ ಹ್ಯಾಂಗದ ಹಂಗಽ

"ತಮ್ಮಾ, ಫೈಲ್ ಕಳಸೀನಿ ನೋಡು" ಅಂತ ಫೋನ್ ಬಂದರೆ ಈಗೀಗ ನನ್ನ ಎದೆ ಧಸಕ್ಕೆನ್ನುತ್ತದೆ. ನಮ್ಮ ಕಲಬುರಗಿಯಲ್ಲಿ ಫೈಲ್ ಅಂದರೆ ವಾಟ್ಸಾಪ್ ಸ್ಟೇಟಸ್ಸಿನಿಂದ ಹೊಡೆದ ಸ್ಕ್ರೀನ್‌ಶಾಟ್. ಮೇಲೆ ಬ್ಯಾಟರಿ ಹನ್ನೆರಡು ಪರ್ಸೆಂಟ್, ಕೆಳಗೆ ರಿಪ್ಲೈ ಪಟ್ಟಿ, ನಡುವೆ ಎಲ್ಲೋ ಒಂದು ಬಾಗಿಲು. ನನ್ನದು ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಫೈಲ್ ನೋಡಿ ಕಟ್ಟಿಗೆ ಕೆತ್ತೋ ಮಷಿನ್, ಇಟ್ಟುಕೊಂಡ ಸಣ್ಣ ಅಂಗಡಿ. ಬಾಗಿಲು, ದೇವರ ಮನೆ ಜಾಲರಿ, ಮಂಚದ ತಲೆಹಲಗೆ ಏನು ಬಂದರೂ ಕೆತ್ತಿಕೊಡುತ್ತೇವೆ. ಕಟ್ಟಿಗೆ ಕೆತ್ತೋದು ಮಷಿನ್, ಅದಕ್ಕೂ ಮೊದಲು ಎರಡು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಫೈಲ್ ಕೆತ್ತೋನು ನಾನು. ಆ ಎರಡು ದಿನಕ್ಕೆ ರೊಕ್ಕ ಕೇಳಿದರೆ ಮಾತ್ರ, "ಕಂಪ್ಯೂಟರ್ ಮಾಡ್ತದಲ್ಲೋ, ನಿಂದೇನದ?" ಅನ್ನುತ್ತಾರೆ.

ನಮ್ಮ ಓಣಿಯ ಕಾಕಾ ಹೊಸ ಮನೆ ಕಟ್ಟಿಸಿದ್ದಾರೆ. ವಾಸ್ತುಶಾಂತಿಯೊಳಗೆ ತಲೆಬಾಗಿಲಿಗೆ ಗಜಲಕ್ಷ್ಮಿ ಬೇಕು. ಆಳಂದದ ಬೀಗರ ಮನೆ ಬಾಗಿಲಿಗೆ ಅಂಥದ್ದೇ ಇದೆಯಂತೆ, ರಾತ್ರಿ ಊಟ ಮುಗಿಸಿ ಹೊರಡುವಾಗ ಅಂಗಳದಿಂದಲೇ ಫೋಟೋ ಹೊಡೆದು, ಸ್ಟೇಟಸ್ಸಿಗಿಟ್ಟು, ಅದರ ಸ್ಕ್ರೀನ್‌ಶಾಟ್ ಕಳಿಸಿದರು. ಬಾಗಿಲು ಅರ್ಧ ತೆರೆದಿದೆ. ಒಂದು ಆನೆಯ ಹಣೆ ಮೇಲೆ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ, ಇನ್ನೊಂದು ಆನೆ ಬೀಗತಿಯ ಸೆರಗಿನ ಹಿಂದೆ ಮರೆಯಾಗಿದೆ. ಲಕ್ಷ್ಮಿಯ ಮುಖದ ನೆಟ್ಟ ಮುಂದೆ, ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ.

"ಕಾಕಾ, ನಿಂಬೆಹಣ್ಣಿನ ಹಿಂದ ಏನದರಿ?"

"ಲಕ್ಷ್ಮಿ ಅದಾಳ."

"ಮುಖ ಕಾಣಂಗಿಲ್ಲಲ್ರಿ."

"ಏನಪಾ, ಲಕ್ಷ್ಮಿ ಮುಖ ನಿನಗ ಗೊತ್ತಿಲ್ಲೇನು? ನನಗೇನೂ ತಿಳೀವಲ್ದು, ಫೋಟೋದಾಗ ಹ್ಯಾಂಗದ ಹಂಗಽ ಬರಬೇಕು ನೋಡು."

ಈ "ಹ್ಯಾಂಗದ ಹಂಗಽ" ಕಾಕಾನ ಉಸಿರು. ಚಹಾ ಕುಡಿಯುತ್ತ ಒಮ್ಮೆ, ಚಪ್ಪಲಿ ಮೆಟ್ಟುತ್ತ ಒಮ್ಮೆ, ಮನೆ ಮುಟ್ಟಿದ ಮೇಲೆ ವಾಯ್ಸ್ ಮೆಸೇಜಿನಲ್ಲಿ ಮತ್ತೊಮ್ಮೆ. ವಾಟ್ಸಾಪಿನಲ್ಲಿ ಫೋಟೋ ಹಿಂಡಿ ಹಿಪ್ಪೆಯಾಗುತ್ತದೆ ಕಾಕಾ, ಡಾಕ್ಯುಮೆಂಟ್ ಮಾಡಿ ಕಳಸ್ರಿ ಅಂದೆ. ಹತ್ತು ನಿಮಿಷದಲ್ಲಿ ಕಳಿಸಿದರು: ಆಧಾರ್ ಕಾರ್ಡಿನ ಎರಡೂ ಬದಿ, ಜೊತೆಗೆ ಹೊಲದ ಪಹಣಿ. "ಇನ್ನೇನರ ಬೇಕಾದ್ರ ಹೇಳು" ಅಂತ ಕೆಳಗೆ ಬರೆದಿದ್ದರು.

ಅಳತೆ ಕೇಳಿದೆ. ಎರಡು ಗೇಣು ಅಂದರು. ಯಾರ ಗೇಣು ಅಂತ ಕೇಳೋ ಧೈರ್ಯ ಆಗದೆ ಅವರ ಬಡಿಗನಿಗೆ ಫೋನ್ ಹಚ್ಚಿದರೆ, ಆತ "ಹದಿನೇಳು ಇಂಚು ಆರು ಸೂತು" ಅಂದ. ಇಂಚಿಗೆ ಎಂಟು ಸೂತು, ಇಂಚು ಅಂದರೆ 25.4 ಮಿಮೀ, ನನ್ನ ಮಷಿನ್ನಿಗೋ ಮಿಮೀ ಬಿಟ್ಟು ಬೇರೆ ಭಾಷೆ ಬರೋದಿಲ್ಲ. ಲೆಕ್ಕ ಹಾಕಿದೆ: 450.85. ಗೇಣಿನಿಂದ ಸೂತಿಗೆ, ಸೂತಿನಿಂದ ಮಿಮೀಗೆ ಬರುವಷ್ಟರಲ್ಲಿ ನನ್ನ ಮಧ್ಯಾಹ್ನದ ರೊಟ್ಟಿ ತಣ್ಣಗಾಗಿತ್ತು.

ಫೋಟೋ ನೋಡಿ ಮಷಿನ್ ತಾನೇ ಕೆತ್ತುತ್ತದೆ ಅನ್ನೋದು ಪೂರ್ತಿ ಸುಳ್ಳೂ ಅಲ್ಲ, ಅದೇ ದೊಡ್ಡ ತಾಪತ್ರಯ. ಫೋಟೋವನ್ನು ಕಪ್ಪುಬಿಳುಪು ಮಾಡಿ ಸಾಫ್ಟ್‌ವೇರಿಗೆ ಕೊಟ್ಟರೆ ಬೆಳ್ಳಗಿದ್ದದ್ದನ್ನು ಎತ್ತರ, ಕಪ್ಪಗಿದ್ದದ್ದನ್ನು ಆಳ ಅಂದುಕೊಳ್ಳುತ್ತದೆ. ಅದಕ್ಕೆ ಬೆಳಕು ಯಾವುದು, ಉಬ್ಬು ಯಾವುದು ತಿಳಿಯೋದಿಲ್ಲ. ಹಾಗಾಗಿ ನಾನು ಎಲ್ಲವನ್ನೂ ಹೊಸದಾಗಿ ಕೂತು ಎಬ್ಬಿಸಬೇಕು. ಅಂಚಿನ ಬಳ್ಳಿಯ ಗೆರೆ ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟುಹೋಗಿದ್ದರೂ ಹುಡುಕಿ ಕೂಡಿಸಬೇಕು. ಒಂದರ ಮೇಲೊಂದು ಎರಡು ಗೆರೆ ಬಿದ್ದಿದ್ದರೆ ಒಂದನ್ನು ಅಳಿಸಬೇಕು, ಇಲ್ಲವಾದರೆ ಬಿಟ್, ಅಂದರೆ ಮಷಿನ್ನಿನ ಕೆತ್ತೋ ಮೊನೆ, ಅದೇ ದಾರಿಯಲ್ಲಿ ಎರಡು ಸಲ ಹೋಗಿಬರುತ್ತದೆ.

ಅಪ್ಪನ ಕಾಲಕ್ಕೆ ಹಳೇ ಪೇಪರೇ ಫೈಲ್. ಅದನ್ನು ಮಡಚಿ ಪೆನ್ಸಿಲ್ಲಿನಿಂದ ಅರ್ಧ ಬಾಗಿಲಿನ ಬಳ್ಳಿ, ಒಂದೇ ನವಿಲು ಬರೆದು ಕತ್ತರಿಸುತ್ತಿದ್ದ. ಬಿಚ್ಚಿದರೆ ಜೋಡಿ ನವಿಲು. ಇವತ್ತು ನಾನು ಮಿರರ್ ಬಟನ್ ಒತ್ತಿ ಮಾಡೋದೂ ಅದನ್ನೇ. ನನ್ನ ಎರಡು ನವಿಲಿಗೆ ಕೂದಲೆಳೆ ಫರಕಿಲ್ಲ. ಅಪ್ಪನ ಎಡಗಡೆ ನವಿಲು ಮಾತ್ರ ಯಾವಾಗಲೂ ಸ್ವಲ್ಪ ದಪ್ಪ, ಉಳಿ ಅಲ್ಲಿಗೆ ಬರುವಷ್ಟರಲ್ಲಿ ಊಟ ಆಗಿರುತ್ತಿತ್ತು. ಹೋದ ತಿಂಗಳು ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ, 16ನೇ ಶತಮಾನದ ಸುಲ್ತಾನ ಅಲಿ ಬರೀದ್ ಶಾಹನ ಕಾಲದ ಕಟ್ಟಿಗೆ ಕಂಬಗಳ ಕೆತ್ತನೆ ಮುಂದೆ ನಿಂತಾಗ ಅಪ್ಪನ ಆ ದಪ್ಪ ನವಿಲೇ ನೆನಪಾಯಿತು. ಅವನ ಪೇಪರ್ ನವಿಲು ಒಂದಾದರೂ ಎತ್ತಿಡಬೇಕಿತ್ತು. ಅವ್ವ ಎಲ್ಲವನ್ನೂ ಒಲೆ ಹಚ್ಚಲು ಬಳಸಿಬಿಟ್ಟಳು.

ಇರಲಿ. ಮೊನ್ನೆ ನಾನೊಂದು ಮದುವೆಗೆ ಹೋದೆ. ಕಾಕಾ ಅಂಗಡಿಗೆ ಬಂದು, ನಮ್ಮ ಹುಡುಗನ ತಲೆ ಮೇಲೆ ಕೂತು, ಸ್ಯಾಂಪಲ್ ಆದರೂ ತೋರಿಸು ಅಂದಿದ್ದಾರೆ. ನಾನು ಅರ್ಧ ಮಾಡಿಟ್ಟ ಫೈಲ್ ಅವನಿಗೆ ಸಿಗಲಿಲ್ಲ. ಕಾಕಾನ ಫೋಟೋವನ್ನೇ ನೇರವಾಗಿ ಕೊಟ್ಟು, ಕಟ್ಟಿಗೆ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮೇಲೆ ಹಾಕಿ, ತುದಿ ದುಂಡಗಿರೋ 3 ಮಿಮೀ ಬಾಲ್‌ನೋಸ್ ಬಿಟ್ ಹಚ್ಚಿ ಬಿಟ್ಟಿದ್ದಾನೆ. 450 ಮಿಮೀ ಅಗಲ, 600 ಮಿಮೀ ಉದ್ದ, ಸಾಲಿನಿಂದ ಸಾಲಿಗೆ 0.3 ಮಿಮೀ: ಹೆಚ್ಚುಕಡಿಮೆ 1500 ಸಾಲು, 900 ಮೀಟರ್ ಓಟ. ನಿಮಿಷಕ್ಕೆ ಮೂರು ಮೀಟರಿನಂತೆ ಐದು ತಾಸು ಮಷಿನ್ ಒಂದು ಚಣವೂ ನಿಲ್ಲದೆ, ಭಕ್ತಿಯಿಂದ ಕೆತ್ತಿದೆ.

ನಿನ್ನೆ ಬೆಳಿಗ್ಗೆ ಬಂದು ಧೂಳು ಒರೆಸಿ ನೋಡಿದೆ. ಆನೆಯ ಹಣೆ ಮೇಲೆ ಫ್ಲ್ಯಾಶ್ ಬಿದ್ದಲ್ಲಿ ಬದನೆಕಾಯಿಯಷ್ಟು ಗಡ್ಡೆ ಎದ್ದಿದೆ. ಬೀಗತಿಯ ಸೆರಗಿನ ನೆರಿಗೆ ಎಷ್ಟು ಚೆಂದ ಬಂದಿದೆ ಅಂದರೆ ಅದನ್ನು ಅಳಿಸೋಕೆ ಮನಸ್ಸಾಗೋದಿಲ್ಲ. ಮೇಲ್ಗಡೆ ಮೂಲೆಯಲ್ಲಿ ಬ್ಯಾಟರಿ, ಹನ್ನೆರಡು ಪರ್ಸೆಂಟ್, ಉಬ್ಬಿ ನಿಂತಿದೆ. ನಟ್ಟ ನಡುವೆ, ಲಕ್ಷ್ಮಿ ಇರಬೇಕಾದಲ್ಲಿ, ದುಂಡಗೆ, ತೊಟ್ಟಿನ ಸಮೇತ ನಿಂಬೆಹಣ್ಣು.

ಹುಡುಗನನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಬಂದರು. ಚಷ್ಮಾ ಏರಿಸಿದರು. ಹಲಗೆ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. ಈಗಲಾದರೂ ತಿಳಿಯಿತಲ್ಲ ಅಂತ ನಾನು ಒಳಗೊಳಗೇ ಖುಷಿಪಟ್ಟೆ.

"ಹಂಗಽ ಬಂದಿಲ್ಲೋ ತಮ್ಮಾ" ಅಂದರು. "ಫೋಟೋದಾಗ ಏಳು ಮೆಣಸಿನಕಾಯಿ ಅವ. ಇಲ್ಲಿ ಆರಽ ಅವ ನೋಡು."

ಫೋಟೋ ತೆರೆದು, ಹಿಗ್ಗಿಸಿ ಎಣಿಸಿದೆ. ಖರೇ, ಏಳಿದ್ದವು.