ನಾಲ್ಕು ಗಂಟೆಯ ಮೋಡ, ಮಂಗಳೂರಿನ ಮಾವ

ಬೆಂಗಳೂರಿನಲ್ಲಿ ಸಂಡಿಗೆ ಹಾಕುವವರಿಗೆ ಶೌರ್ಯ ಪ್ರಶಸ್ತಿ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಏಪ್ರಿಲ್ ಬಿಸಿಲು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿವರೆಗೂ ಕಾದಿತ್ತು. ಅಂಥ ಬಿಸಿಲನ್ನು ನಂಬಿ ಅಮ್ಮ ಬೆಳಿಗ್ಗೆ ಬೇಗ ಎದ್ದು ಸಬ್ಬಕ್ಕಿ ಕುದಿಸಿ, ತಾರಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಲೆಗೊಂದು ಇಟ್ಟಿಗೆ ಇಟ್ಟು, ಸೌಟಿನಲ್ಲಿ ದುಂಡುದುಂಡಗೆ ಸಂಡಿಗೆ ಬಿಟ್ಟರು. ಕಾಗೆ ಹೆದರಲಿ ಅಂತ ನನ್ನ ಹಳೇ ಕಪ್ಪು ದುಪಟ್ಟಾ ಕಟ್ಟಿದರು. ಕಾಗೆ ಹೆದರಿತು. ಮಧ್ಯಾಹ್ನದ ಹೊತ್ತಿಗೆ ಸಂಡಿಗೆಯ ಅಂಚು ಒಣಗಿ ಸ್ವಲ್ಪ ಮೇಲಕ್ಕೆ ಮುದುರಿತ್ತು ಕೂಡ. ಇನ್ನೊಂದು ದಿನ ಒಣಗಿದ್ದರೆ ಡಬ್ಬಿಗೆ ತುಂಬಬಹುದಿತ್ತು.

ನಾಲ್ಕು ಗಂಟೆಗೆ ಗುಡುಗಿತು. ಅಮ್ಮ ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ದಪ್ಪ ದಪ್ಪ ಹನಿ ಶುರು. ನಾವು ಹಾಳೆಯ ಎರಡು ತುದಿ ಹಿಡಿದು ಎತ್ತಿದ್ದೇ ತಡ, ಮೆತ್ತಗಾಗಿದ್ದ ಸಂಡಿಗೆಗಳೆಲ್ಲ ನಡುವಿಗೆ ಜಾರಿ ಒಂದಾದವು. ಅಷ್ಟು ಹೊತ್ತಿನ ಕೆಲಸ ಒಂದೇ ಒಂದು ದೊಡ್ಡ ಸಂಡಿಗೆಯಾಗಿ, ಮೇಲೆ ಜೀರಿಗೆ ತೇಲುತ್ತಿತ್ತು. ಪಕ್ಕದ ಮನೆ ಆಂಟಿ ತಮ್ಮ ತಾರಸಿಯಿಂದಲೇ ಸಮಾಧಾನ ಹೇಳಿದರು, "ಮಾವಿನ ಮಳೆ ಕಣ್ರೀ, ಮಾವಿನಕಾಯಿಗೆ ಒಳ್ಳೇದು." ಮಾವಿನಕಾಯಿಗೆ ಒಳ್ಳೇದೇ. ಅದನ್ನು ಅಮ್ಮನ ಮುಖ ನೋಡಿಕೊಂಡು ಹೇಳಬಾರದಿತ್ತು.

ಈ ನಾಲ್ಕು ಗಂಟೆ ಸುಮ್ನೆ ಬಂದಿದ್ದಲ್ಲ. ಬೆಳಗಿನಿಂದ ನೆಲ ಕಾಯುತ್ತದೆ. ಬಿಸಿಯಾದ ಗಾಳಿ ತೇವ ಹೊತ್ತುಕೊಂಡು ಮೇಲಕ್ಕೆ ಏರುತ್ತದೆ. ಮೇಲೆ ಹೋದಂತೆ ತಣ್ಣಗಾಗಿ ಮೋಡವಾಗಿ, ಮಧ್ಯಾಹ್ನ ಕಳೆದ ಮೇಲೆ ಗುಡ್ಡದಷ್ಟು ಎತ್ತರ ಬೆಳೆದು, ಸಂಜೆಗೆ ಸುರಿಯುತ್ತದೆ. ಅಂದರೆ ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ. ಇಂಥ ಮೋಡದ ಅಗಲ ಎಷ್ಟೋ ಸಲ ಕೆಲವೇ ಕಿಲೋಮೀಟರ್. ಅದಕ್ಕೇ ಜಯನಗರದಲ್ಲಿ ಸ್ಕೂಟರಿನ ಸೈಲೆನ್ಸರಿಗೆ ನೀರು ನುಗ್ಗುತ್ತಿರುವಾಗ ಮಲ್ಲೇಶ್ವರದವರು ಧೂಳು ಅಂತ ಕಿಟಕಿ ಹಾಕಿಕೊಳ್ಳುತ್ತಾರೆ. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸಂಜೆಯಾದರೆ ಒಂದೇ ಪ್ರಶ್ನೆ: "ನಿಮ್ಮ ಕಡೆ ಮಳೆನಾ?" ಅದಕ್ಕೆ ಬರುವ ಉತ್ತರಗಳಲ್ಲಿ ಎರಡು ಒಂದೇ ಥರ ಇದ್ದಿದ್ದನ್ನು ನಾನು ನೋಡಿಲ್ಲ.

ಇದನ್ನೆಲ್ಲ ನಮ್ಮ ಮಾವನ ಮುಂದೆ ಹೇಳಿದರೆ ಅವರು ನಗುತ್ತಾರೆ. ಅವರದು ಮಂಗಳೂರು. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬೀಳುತ್ತದೆ. ಅರಬ್ಬೀ ಸಮುದ್ರದಿಂದ ಮೇಲೇಳುವ ಮೋಡ ಪಶ್ಚಿಮ ಘಟ್ಟಕ್ಕೆ ಬಂದು ತಡೆದು ನಿಂತು, ಇದ್ದಿದ್ದನ್ನೆಲ್ಲ ಆ ಕಡೆಗೇ ಸುರಿದುಬಿಡುತ್ತದೆ. ಘಟ್ಟ ಹತ್ತಿ ನಮ್ಮ ಕಡೆ ಬರುವುದು ಅವರು ಉಂಡು ಮಿಕ್ಕಿದ್ದು. "ನೀವು ಇದಕ್ಕೆ ಮಳೆ ಹೇಳ್ತೀರಾ ಮಾರಾಯ್ತಿ? ನಮ್ಮಲ್ಲಿ ಇದು ಮಳೆ ನಿಂತ ಮೇಲೆ ಬೀಳುವಂಥದ್ದು" ಅಂತ ಮಾವ.

ಮದುವೆಯಾದ ಹೊಸತರಲ್ಲಿ ಜುಲೈನಲ್ಲಿ ಅಲ್ಲಿಗೆ ಹೋಗಿದ್ದೆ. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ತಲೆ ಉದುರುತ್ತಿತ್ತು, ಹತ್ತುತ್ತಿರಲಿಲ್ಲ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ಒಣಗಿಸಿ, ನನ್ನ ರೇಷ್ಮೆ ಬ್ಲೌಸಿಗೂ ಹೊಗೆ ವಾಸನೆ. ನಡುವೆ ಒಂದು ದಿನ ಫಳ್ ಅಂತ ಬಿಸಿಲು ಬಂತು. ಮನೆಮಂದಿಯೆಲ್ಲ ಬಟ್ಟೆ ಹೊತ್ತು ಅಂಗಳಕ್ಕೆ ಓಡಿದರು. ಕೊನೇ ಕ್ಲಿಪ್ ಹಾಕುವಾಗ ಮಳೆ ವಾಪಸ್ ಬಂತು. ಮಕ್ಕಳು ಮಾತ್ರ ಖುಷಿಯಲ್ಲಿದ್ದರು. ಹಿಂದಿನ ರಾತ್ರಿಯ ಅಬ್ಬರ ನೋಡಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದರು, ಆ ಬಿಸಿಲಿನಲ್ಲಿ ಅವರು ಕ್ರಿಕೆಟ್ ಆಡಿದರು. ರಜೆ ಕೊಟ್ಟ ದಿನ ಬಿಸಿಲು ಬರುವುದು ಅಲ್ಲಿ ವಾಡಿಕೆಯಂತೆ. ಆದರೂ ಮಾವನ ಪ್ರಕಾರ ಕರಾವಳಿಯ ಮಳೆಗೆ ಒಂದು ಮರ್ಯಾದೆ ಉಂಟು: ಬರುವ ಮುಂಚೆ ಪಡುವಣದಲ್ಲಿ, ಸಮುದ್ರದ ಮೇಲೆ ಕಪ್ಪು ತೋರಿಸಿಯೇ ಬರುತ್ತದೆ.

ಈ ಪಡುವಣದ ಶಾಸ್ತ್ರವನ್ನು ಮಾವ ಒಂದು ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ತಂದರು. ಅಲ್ಲಿ ಮಳೆಯ ಜೋರು ಇಳಿದ ಮೇಲೆ ಇಲ್ಲಿಗೆ ಬರುವುದು ಅವರ ಪದ್ಧತಿ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ ಅಂತ ಹೇಳಿದೆ. ಕೇಳಿಸಿಕೊಂಡರು, ಅಷ್ಟೇ.

ಸಂಜೆ ಗಾಂಧಿ ಬಜಾರಿಗೆ ಹೊರಟೆವು. ಮಾವ ಬಿಳಿ ಪಂಚೆ, ಇಸ್ತ್ರಿ ಅಂಗಿ. ಗೇಟಿನ ಹತ್ತಿರ ನಿಂತು ಪಡುವಣ ನೋಡಿದರು. ಸ್ವಚ್ಛವಾಗಿತ್ತು. "ಕೊಡೆ ಬೇಡ. ಒಂದು ಹನಿ ಬರುವುದಿಲ್ಲ." ಹೂವಿನ ಅಂಗಡಿಗಳ ಸಾಲು ದಾಟುವವರೆಗೂ ಅವರ ಮಾತು ನಡೆಯಿತು. ಮಳೆ ಹಿಂದಿನಿಂದ ಬಂತು, ಪೂರ್ವದ ಕಡೆಯಿಂದ, ಒಂದು ಗುಡುಗೂ ಇಲ್ಲದೆ. ಓಡಿ ಒಂದು ಅಂಗಡಿಯ ಶೀಟಿನ ಕೆಳಗೆ ನಿಂತೆವು. ಆ ಶೀಟಿನ ತೂತು ಸರಿಯಾಗಿ ಮಾವನ ನೆತ್ತಿಯ ಮೇಲಿತ್ತು. ಅವರು ಪಕ್ಕಕ್ಕೆ ಸರಿದರು. ಅಲ್ಲಿ ನಿಂತಿದ್ದ ಹಸುವೂ ಪಕ್ಕಕ್ಕೆ ಸರಿಯಿತು, ಇವರ ಕಡೆಗೇ. ಮಳೆ ನಿಂತಿತು ಅಂತ ಹೊರಗೆ ಬಂದು ಮರದ ಕೆಳಗೆ ಆಟೋ ಕಾಯುತ್ತಾ ನಿಂತರೆ, ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುವ ಗಾದೆ ಅವರ ಹೆಗಲ ಮೇಲೆ ಬೀಳುತ್ತಿತ್ತು. ಬಂದ ಆಟೋದವರು ಒಬ್ಬೊಬ್ಬರೂ ಒಂದೊಂದು ರೇಟು ಹೇಳಿದರು. ಮೀಟರ್ ಹಾಕಿ ಅಂದಿದ್ದಕ್ಕೆ ಒಬ್ಬರು, "ಮಳೆ ಅಲ್ವಾ ಸಾರ್" ಅಂದರು. ಮಾವ ಆಕಾಶ ತೋರಿಸಿ, "ಎಲ್ಲುಂಟು ಮಳೆ?" ಅಂತ ಕೇಳಿದರು. ಆತ ಮಾತಾಡದೆ ಮಾವನ ಪಂಚೆ ತೋರಿಸಿದ. ಕೇಳಿದಷ್ಟು ಕೊಟ್ಟೆವು.

ಮನೆ ತಲುಪಿದರೆ ನಮ್ಮ ರಸ್ತೆ ಪೂರ್ತಿ ಒಣಗಿತ್ತು. ಒದ್ದೆ ಆಗಿ ಒಣಗಿದ್ದಲ್ಲ, ಮಳೆಯೇ ಬಂದಿರಲಿಲ್ಲ. ಮಕ್ಕಳು ಶಟಲ್ ಆಡುತ್ತಿದ್ದರು. ಆ ಒಣ ರಸ್ತೆಯಲ್ಲಿ ನೀರು ಸುರಿಸಿಕೊಂಡು ನಾವಿಬ್ಬರು ಇಳಿದಿದ್ದನ್ನು ಅದೇ ಆಂಟಿ ನೋಡಿದರು. "ಏನ್ರೀ, ಎಲ್ಲಾದ್ರೂ ಪೈಪ್ ಒಡೆದಿತ್ತಾ?" ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಊರಿನ ಮನುಷ್ಯ ಉತ್ತರ ಕೊಡದೆ ಒಳಗೆ ಹೋದರು.

ಆಮೇಲೆ ಅವರು ಗಾಂಧಿ ಬಜಾರಿನಲ್ಲೇ ಒಂದು ಮಡಚುವ ಕೊಡೆ ತಗೊಂಡರು. ಮೂರು ಮಡಿಕೆಯದು, ಬಟನ್ ಒತ್ತಿದರೆ ತೆರೆಯುವಂಥದ್ದು. ಅದನ್ನು ಹಿಡಿದು ಹೊರಟ ದಿನ ಮಳೆ ಬರಲಿಲ್ಲ. ಮನೆಯಲ್ಲಿ ಬಿಟ್ಟು ಹೋದ ದಿನದ ಬಗ್ಗೆ ಹೇಳುವುದು ಬೇಡ. ನನಗೇನೂ ಆಶ್ಚರ್ಯವಾಗಲಿಲ್ಲ. ಸ್ಕೂಟರ್ ನಿಲ್ಲಿಸಿ, ಫ್ಲೈಓವರ್ ಕೆಳಗೆ ಒಂಟಿ ಕಾಲಲ್ಲಿ ಕುಣಿಯುತ್ತಾ, ರೇನ್‌ಕೋಟಿನ ಪ್ಯಾಂಟಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಕೊನೆಗೂ ಹಾಕಿ ಮುಗಿಸಿ, ತಲೆಯೆತ್ತಿ ನೋಡುವಾಗ ಬಿಸಿಲು. ಇದು ನಮ್ಮೂರಲ್ಲಿ ಎಲ್ಲರಿಗೂ ಆಗುವ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿರಬಹುದು. ಆ ಚಿತ್ರ ಟಿವಿಯಲ್ಲಿ ಬಂದಾಗ ಮಾವ ಫೋನು ಮಾಡಿ, "ನಿಮ್ಮ ಕಂಪನಿಯವರು ನೇಗಿಲೂ ಕೊಡ್ತಾರಾ?" ಅಂತ ವಿಚಾರಿಸಿದ್ದರು. ಗಾಂಧಿ ಬಜಾರಿನ ಪ್ರಸಂಗ ಆದ ಮೇಲೆ ಅಂಥ ಫೋನು ಬಂದಿಲ್ಲ.

ಕೊಡೆಯನ್ನು ಮಾವ ಊರಿಗೆ ತಗೊಂಡು ಹೋದರು. ಮುಂದಿನ ಜೂನ್‌ನಲ್ಲಿ ಅಲ್ಲಿನ ಮೊದಲ ಗಾಳಿಗೇ ಅದು ಮಗುಚಿಕೊಂಡು, ಎರಡು ಕಡ್ಡಿ ಮುರಿಯಿತಂತೆ. "ಬೆಂಗಳೂರಿನ ಕೊಡೆ ಬೆಂಗಳೂರಿನ ಮಳೆಗೇ ಸರಿ" ಅಂತ ಹೇಳಿ, ಹಲಸಿನ ಹಪ್ಪಳದ ಕಟ್ಟಿನ ಜೊತೆ ನನಗೇ ಕಳಿಸಿಕೊಟ್ಟರು. ಹಪ್ಪಳ ಖಾಲಿಯಾಯಿತು. ಕೊಡೆಯನ್ನು ಫುಟ್‌ಪಾತಿನಲ್ಲಿ ಕೂರುವ ಛತ್ರಿ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಅವರು ಬಿಚ್ಚಿ ನೋಡಿ, ಕಡ್ಡಿ ಸಿಗುತ್ತದೆ, ಶುಕ್ರವಾರ ಬನ್ನಿ ಅಂದರು. ನಾನು ಹೊರಡುವಾಗ ಹಿಂದಿನಿಂದ ಕೂಗಿದರು:

"ಮಳೆ ಬಂದ್ರೆ ಬರಬೇಡಿ ಮೇಡಂ. ಮಳೆ ಇದ್ರೆ ನಾನು ಅಂಗಡಿ ಹಾಕಲ್ಲ."