ಮೈನಸ್ 28 ಗ್ರಾಂ ಒಗ್ಗರಣೆ

ಉಂಡ ಮನೆಯ ಜಂತಿ ಎಣಿಸಬಾರದು ಅಂತ ಗಾದೆ. ಆರ್‌ಸಿಸಿ ಮನೆಗಳಲ್ಲಿ ಜಂತಿಯೇ ಇಲ್ಲದ್ದರಿಂದ ಜನ ಈಗ ಕ್ಯಾಲೊರಿ ಎಣಿಸುತ್ತಾರೆ. ತಟ್ಟೆಯ ಫೋಟೊ ತೆಗೆದರೆ ಆ್ಯಪ್ ಲೆಕ್ಕ ಒಪ್ಪಿಸುತ್ತದೆ. ಒಳಗೆ ನಡೆಯುವುದು ಮೂರು ಊಹೆ: ಇದು ಯಾವ ತಿಂಡಿ, ಎಷ್ಟು ದೊಡ್ಡದು, ಅಷ್ಟು ಗಾತ್ರಕ್ಕೆ ತೂಕವೆಷ್ಟು. ಒಂದೊಂದೂ ಚೂರು ಚೂರು ತಪ್ಪಿದರೆ ಗುಣಿಸಿ ಬಂದ ಅಂಕಿ ಯಾರದೋ ಊಟದ್ದಾಗಿರುತ್ತದೆ.

ಇಡ್ಲಿಗೆ ಹೇಗೋ ನಡೆದೀತು. ಮಸಾಲೆದೋಸೆಯಲ್ಲಿ ಕ್ಯಾಮೆರಾಕ್ಕೆ ಕಾಣುವುದು ಹೊರಗಿನ ಕೆಂಪು ಮಾತ್ರ. ಒಳಗಿನ ಪಲ್ಯ, ಕಾವಲಿಯ ಮೇಲೇ ಕರಗಿದ ಬೆಣ್ಣೆ ಕಾಣುವುದಿಲ್ಲ. ಸಾರಿನಲ್ಲಿ ಅರ್ಧ ಮುಳುಗಿದ ಮುದ್ದೆಗೆ ಮೇಲೆ ಕಂಡಷ್ಟೇ ಲೆಕ್ಕ. ನೆತ್ತಿಯ ಮೇಲಿಂದ ತೆಗೆದ ಫೋಟೊದಲ್ಲಿ ಬಟ್ಟಲಿನ ಆಳ ತಿಳಿಯುವುದಿಲ್ಲ. ಹಾಗಾಗಿ ಫೋನನ್ನು 45 ಡಿಗ್ರಿ ಓರೆಯಾಗಿ ಹಿಡಿಯಿರಿ, ಅಳತೆಗೆ ಪಕ್ಕದಲ್ಲೊಂದು ಚಮಚ ಇಡಿ, ಸಾರು ಹುಯ್ಯುವ ಮೊದಲೇ ಮುದ್ದೆಯದ್ದೊಂದು ಫೋಟೊ ಆಗಲಿ. ಮುದ್ದೆ ಆರುತ್ತದೆ, ನಿಜ.

ಎಣ್ಣೆಯನ್ನಂತೂ ಯಾವ ಕ್ಯಾಮೆರಾವೂ ಹಿಡಿಯಲಾರದು. ಗ್ರಾಂಗೆ 9 ಕ್ಯಾಲೊರಿ ಅದರದ್ದು. ಪಿಷ್ಟಕ್ಕೂ ಪ್ರೋಟೀನಿಗೂ 4. ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸರಿ. ಎಣ್ಣೆ ಡಬ್ಬಿಯನ್ನೇ ಮೇಲಿಟ್ಟು ‘ಟೇರ್’ ಒತ್ತಿ, ಸೊನ್ನೆ ಬರಲಿ. ಬಾಣಲೆಗೆ ಹುಯ್ದು ಡಬ್ಬಿಯನ್ನು ವಾಪಸ್ ಇಟ್ಟರೆ ಮೈನಸ್ 28 ಅನ್ನುತ್ತದೆ. 28 ಗುಣಿಸು 9, 252. ನಾಲ್ವರು ಉಂಡರೆ ತಲೆಗೆ 63. ಟೀ ಚಮಚದಲ್ಲಿ ಹಿಡಿಯುವುದು ಸುಮಾರು ನಾಲ್ಕೂವರೆ ಗ್ರಾಂ. ‘ಎರಡೇ ಚಮಚ ಹಾಕಿದ್ದು’ ಎನ್ನುವವರ ಒಗ್ಗರಣೆಯಲ್ಲಿ ಆರು ಚಮಚ ಇರುವುದು ಹೀಗೆ ಬಯಲಾಗುತ್ತದೆ. ಮನೆಯ ನೆಮ್ಮದಿ ಮುಖ್ಯವಾದರೆ ಈ ಅಂಕಿಯನ್ನು ಜೋರಾಗಿ ಓದಬೇಡಿ.

ತಕ್ಕಡಿಯ ಕಿತಾಪತಿಯೂ ಕಮ್ಮಿಯಿಲ್ಲ. ಅಗಲ ತಟ್ಟೆ ಇಟ್ಟರೆ ಅಂಕಿ ತಟ್ಟೆಯಡಿ ಮುಚ್ಚಿಹೋಗುತ್ತದೆ. ಬಗ್ಗಿ ಇಣುಕುವಷ್ಟರಲ್ಲಿ ಬ್ಯಾಟರಿ ಉಳಿಸಲೆಂದು ತಾನೇ ಆಫ್ ಆಗಿ, ಮತ್ತೆ ಆನ್ ಮಾಡಿದರೆ ತಟ್ಟೆ, ಅನ್ನ ಎರಡೂ ಸೇರಿ ಸೊನ್ನೆ. ಖಾಲಿ ತಟ್ಟೆಯ ತೂಕ ಬರೆದಿಟ್ಟುಕೊಂಡವರು ಬಚಾವ್. ಚಿಟಿಕೆ ಚಿಟಿಕೆಯಾಗಿ ಉದುರಿಸಿದ ಸಕ್ಕರೆಯನ್ನು ಎಷ್ಟೋ ತಕ್ಕಡಿಗಳು ಲೆಕ್ಕಕ್ಕೇ ತಗೊಳ್ಳುವುದಿಲ್ಲ: ಸೊನ್ನೆ ಅಲುಗದಿರಲೆಂದು ಸಣ್ಣ ವ್ಯತ್ಯಾಸವನ್ನು ನುಂಗಿಕೊಳ್ಳುವ ಏರ್ಪಾಟು ಒಳಗೇ ಇರುತ್ತದೆ. ಪಥ್ಯದವರಿಗೆ ಅಚ್ಚುಮೆಚ್ಚಿನ ಯಂತ್ರ. ಬಿಸಿ ಪಾತ್ರೆ ನೇರ ಇಟ್ಟರೆ ಸೆನ್ಸರ್ ಕಾದು ಅಂಕಿ ಓಲಾಡುತ್ತದೆ. ಮೊದಲು ಮರದ ಹಲಗೆ, ಆಮೇಲೆ ಟೇರ್, ಕೊನೆಗೆ ಪಾತ್ರೆ.

ಬಿಸಿಬೇಳೆಬಾತಿಗೆ ಫೋಟೊ ದಂಡ. ಅಕ್ಕಿ, ಬೇಳೆ, ತರಕಾರಿ, ತುಪ್ಪ ಎಲ್ಲವನ್ನೂ ಬೇಯಿಸುವ ಮೊದಲೇ ತೂಗಿ ಕ್ಯಾಲೊರಿ ಕೂಡಿಸಿ. ಬೆಂದ ಮೇಲೆ ಕುಕ್ಕರ್ ಸಮೇತ ತೂಗಿ, ಖಾಲಿ ಕುಕ್ಕರಿನ ತೂಕ ಕಳೆಯಿರಿ. 1,800 ಕ್ಯಾಲೊರಿಯ ಸಾಮಾನು 1,800 ಗ್ರಾಂ ಬಾತಾದರೆ ಗ್ರಾಂಗೆ ಒಂದು. ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ನಂಬಬಹುದು. ಆ್ಯಪಿನಲ್ಲಿ ಎಡವುವುದು ಹಸಿ-ಬೆಂದದ್ದರ ಸಾಲಲ್ಲಿ: 200 ಗ್ರಾಂ ಅನ್ನ ಉಂಡು ‘ಅಕ್ಕಿ’ ಎಂದು ಒತ್ತಿದರೆ ಸುಮಾರು 260ರ ಜಾಗದಲ್ಲಿ 700 ಬೀಳುತ್ತದೆ. ರಾತ್ರಿ ಸುಮ್ಮನೆ ಉಪವಾಸ.

ಮದುವೆ ಊಟದ ಮುಂದೆ ಇದ್ಯಾವುದೂ ನಿಲ್ಲುವುದಿಲ್ಲ. ಎಲೆಯ ಫೋಟೊ ತೆಗೆಯುವ ಹೊತ್ತಿಗೆ ಕೋಸಂಬರಿ ಖಾಲಿ, ಚಿತ್ರಾನ್ನ ಇನ್ನೂ ಆಚೆ ಸಾಲಿನಲ್ಲಿ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತದೆ. ಉಳಿಸಿದ್ದರ ಫೋಟೊ ಕೇಳುವ ಆ್ಯಪ್‌ಗಳಿವೆ. ಜಗಿದು ಗುಡ್ಡೆ ಹಾಕಿದ ನುಗ್ಗೆಕಾಯಿ ನಾರನ್ನು ಅವು ‘ತಿನ್ನದೆ ಬಿಟ್ಟ ತರಕಾರಿ’ ಎಂದು ಕಳೆದುಬಿಟ್ಟಾವು. ಅಲ್ಲಿ ಸೌಟು ಎಣಿಸುವುದೇ ವಾಸಿ: ಅನ್ನ ಎಷ್ಟು ಸಲ, ತುಪ್ಪ ಎಷ್ಟು ಮಿಳ್ಳೆ. ಹೋಳಿಗೆ ಎಷ್ಟಾಯಿತೆಂದು ಪಕ್ಕದ ಎಲೆಯವರನ್ನು ಕೇಳಿ, ಸರಿಯಾದ ಸಂಖ್ಯೆ ಸಿಗುತ್ತದೆ.