ಯಾರು ಗೆಲ್ತಾರೆ ಅನ್ನೋದು ಬಿಡಿ, ಯಾರು ಹೇಗೆ ನಿಲ್ತಾರೆ ನೋಡಿ

ಬೇರೆ ಬೇರೆ ಗೇಮ್‌ನ ಪಾತ್ರಗಳು ಒಂದೇ ಕಡೆ ಸೇರೋ ಯಾವ ಕ್ರಾಸ್‌ಓವರ್ ಅನಿಮೇಷನ್ ಬಂದ್ರೂ ಮೊದ್ಲು ಏಳೋ ಪ್ರಶ್ನೆ ಒಂದೇ, ಫೈಟ್ ಆದ್ರೆ ಯಾರು ಗೆಲ್ತಾರೆ? ಇಂಡಿ ಕ್ರಾಸ್ ಅನ್ನೋ ಸೀರೀಸ್ ವಿಷಯದಲ್ಲೂ ಅದೇ ಆಗಿದೆ. ಕಪ್‌ಹೆಡ್ ಸ್ಟ್ರಾಂಗಾ, ಸ್ಯಾನ್ಸ್ ಸ್ಟ್ರಾಂಗಾ, ಮಧ್ಯೆ ಬೆಂಡಿ ನುಗ್ಗಿದ್ರೆ ಇಬ್ರೂ ಔಟಾ, ಹೀಗೇ ಗಂಟೆಗಟ್ಲೆ ಲೆಕ್ಕಾಚಾರ. ನೋಡಿ ನೋಡಿ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಇಂಥ ಕೆಲಸದಲ್ಲಿ ನಿಜವಾಗ್ಲೂ ನೋಡ್ಬೇಕಾಗಿರೋದು ಬೇರೇನೇ ಇದೆ, ಅದು ಕಣ್ಣೆದುರಿಗೇ ಹಾದು ಹೋಗ್ತಿದ್ರೂ ನಾವು ಸ್ಕೋರ್ ಬರ್ಕೊಳ್ತಾ ಕೂತಿರ್ತೀವಿ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಇಂಡಿ ಗೇಮ್ ಅಂದ್ರೆ ದೊಡ್ಡ ಕಂಪನಿ ಬೆನ್ನಿಗಿಲ್ಲದೆ ಒಬ್ರೋ ಇಬ್ರೋ, ಹೆಚ್ಚಂದ್ರೆ ಒಂದು ಸಣ್ಣ ಟೀಮೋ ಸೇರಿ ಮಾಡೋ ಗೇಮ್. ಸ್ಯಾನ್ಸ್ ಇರೋ, 2015ರಲ್ಲಿ ಬಂದ ಅಂಡರ್‌ಟೇಲ್ ಹೆಚ್ಚೂಕಮ್ಮಿ ಟೋಬಿ ಫಾಕ್ಸ್ ಒಬ್ರೇ ಕೂತು ಮಾಡಿದ್ದು, ಕಥೆ ಅವ್ರದ್ದೇ, ಕೋಡ್ ಅವ್ರದ್ದೇ, ಮ್ಯೂಸಿಕ್ಕೂ ಅವ್ರದ್ದೇ, ಚಿತ್ರಗಳಿಗೆ ಟೆಮ್ಮಿ ಚಾಂಗ್ ಕೈಜೋಡಿಸಿದ್ರು. ಜನರಿಂದ ದುಡ್ಡು ಕೂಡಿಸೋ ಕಿಕ್‌ಸ್ಟಾರ್ಟರ್ ಸೈಟ್‌ನಲ್ಲಿ ಕೇಳಿದ್ದು 5,000 ಡಾಲರ್, ಜನ ಕೊಟ್ಟಿದ್ದು 51,000ಕ್ಕೂ ಜಾಸ್ತಿ. 2017ರ ಕಪ್‌ಹೆಡ್ ಕೆನಡಾದ ಮೊಲ್ಡೆನ್‌ಹಾವರ್ ಅಣ್ಣತಮ್ಮಂದಿರ ಕನಸು, ಅದನ್ನ ಮುಗಿಸೋಕೆ ಮನೆ ಮೇಲೆ ಮತ್ತೆ ಸಾಲ ಎತ್ತಿದೋರು ಅವ್ರು. ಬೆಂಡಿ ಆಂಡ್ ದಿ ಇಂಕ್ ಮಷೀನ್ ಕೂಡ 2017ರಲ್ಲೇ ಶುರುವಾಗಿ, ಒಂದೊಂದೇ ಚಾಪ್ಟರ್ ಬಿಡ್ತಾ ಬಿಡ್ತಾ 2018ರ ಅಕ್ಟೋಬರ್‌ಗೆ ಐದನೇದು ಬಂತು. ಈ ಗೇಮ್‌ಗಳ ಪಾತ್ರಗಳನ್ನ ಒಂದೇ ಕಥೆಯೊಳಗೆ ತಂದು ಮೊರೊಮೊರೊ ಅನ್ನೋ ಹೆಸರಿನ ಅನಿಮೇಟರ್ ಶುರು ಮಾಡಿದ್ದೇ ಇಂಡಿ ಕ್ರಾಸ್. ಯಾವ ಕಂಪನಿಯೂ ಮಾಡ್ಸಿದ್ದಲ್ಲ, ಪೂರ್ತಿ ಅಭಿಮಾನಿಗಳ ಕೆಲಸ.

ಈಗ ವಿಷಯಕ್ಕೆ ಬರ್ತೀನಿ. ಕಪ್‌ಹೆಡ್ ಗೇಮ್ ಆನ್ ಮಾಡಿ ಯಾವ ಬಟನ್ನೂ ಒತ್ತದೆ ಸುಮ್ನೆ ಕಪ್ ತಲೆಯ ಆ ಹೀರೋನ ನೋಡಿ. ನಿಂತಲ್ಲೇ ನಿಂತಿದ್ರೂ ಅವನು ನಿಂತಿರಲ್ಲ, ಕಾಲು ಬಗ್ತಾ ಇರುತ್ತೆ, ಮೈಯೆಲ್ಲ ಒಂದು ತಾಳಕ್ಕೆ ಮೇಲೆ ಕೆಳಗೆ ಆಡ್ತಾ ಇರುತ್ತೆ. 1930ರ ದಶಕದ ಅಮೆರಿಕನ್ ಕಾರ್ಟೂನ್‌ಗಳ ರಬ್ಬರ್ ಹೋಸ್ ಶೈಲಿ ಅದು, ಕೈಗೆ ಮೊಣಕೈ ಅನ್ನೋದೇ ಇರಲ್ಲ, ಎಲ್ಲಿ ಬೇಕಾದ್ರೂ ಬಾಗುತ್ತೆ. ಆ ಟೀಮು ಅದನ್ನ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಇಂಕ್ ಮಾಡಿ, ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬಿದ್ದು, ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ, ಹಿಂದಿನ ಬ್ಯಾಕ್‌ಗ್ರೌಂಡ್ ಎಲ್ಲ ವಾಟರ್‌ಕಲರ್.

ಸ್ಯಾನ್ಸ್ ಇದಕ್ಕೆ ಪೂರ್ತಿ ಉಲ್ಟಾ. ಬೆರಳೆಣಿಕೆಯಷ್ಟು ಪಿಕ್ಸೆಲ್‌ನ ಅಸ್ಥಿಪಂಜರ, ಎರಡೂ ಕೈ ಜೇಬಲ್ಲಿ, ಮುಖದ ಮೇಲೆ ಒಂದೇ ನಗು, ಮಾತಾಡ್ವಾಗ್ಲೂ ಬಾಯಿ ತೆರೆಯಲ್ಲ, ಕಾಮಿಕ್ ಸ್ಯಾನ್ಸ್ ಫಾಂಟ್‌ನ ಅಕ್ಷರ ಒಂದೊಂದಾಗಿ ಸ್ಕ್ರೀನ್ ಮೇಲೆ ಬೀಳುತ್ತೆ, ಜೊತೆಗೊಂದು ಟಿಕ್ ಟಿಕ್ ಸದ್ದು, ಅಷ್ಟೇ ಅವನ ದನಿ. ಹೊಡೆಯೋಕೆ ಹೋದ್ರೆ ತಡೆಯೋದೂ ಇಲ್ಲ, ಹಾರೋದೂ ಇಲ್ಲ, ಸುಮ್ನೆ ಪಕ್ಕಕ್ಕೆ ಜಾರ್ಕೊಳ್ತಾನೆ. ಗೇಮ್‌ನಲ್ಲಿ ಅವನನ್ನ ಚೆಕ್ ಮಾಡಿದ್ರೆ ಅಟ್ಯಾಕ್ 1, ಡಿಫೆನ್ಸ್ 1 ಅಂತ ಬರುತ್ತೆ, ಎಲ್ರಿಗಿಂತ ಸುಲಭದ ಶತ್ರು ಅಂತಾನೂ ಹೇಳುತ್ತೆ. ಅವನ ಭಯ ಇರೋದೇ ಆ ಅಲ್ಲಾಡದ ನಿಲುವಲ್ಲಿ. ಇನ್ನು ಬೆಂಡಿ ಮೂಲದಲ್ಲಿ ತ್ರೀಡಿ ಹಾರರ್ ಗೇಮ್‌ನೋನು, ಗೋಡೆ ಮೇಲಿನ ಪೋಸ್ಟರ್‌ಗಳಲ್ಲಿ ಮುದ್ದಾದ ಕಾರ್ಟೂನ್, ಎದುರಿಗೆ ಬಂದಾಗ ಶಾಯಿ ಸುರಿಸ್ಕೊಂಡು ಕುಂಟ್ತಾ ಬರೋ ದೆವ್ವ, ಆ ಗೇಮ್‌ನಲ್ಲಿ ಒಂದೇ ಒಂದು ಮಾತಾಡಲ್ಲ. ಅಂದ್ರೆ ಬೆಂಡಿಗೆ ಒಂದು ಸ್ವಭಾವ ಕೊಡ್ಬೇಕು ಅಂದ್ರೆ ಅಭಿಮಾನಿಗಳೇ ಕೊಡ್ಬೇಕು, ಎತ್ಕೊಳ್ಳೋಕೆ ಗೇಮ್‌ನಲ್ಲಿ ಏನೂ ಸಿಗಲ್ಲ.

ಇವರನ್ನೆಲ್ಲ ಒಂದೇ ಶಾಟ್‌ನಲ್ಲಿ ನಿಲ್ಲಿಸೋದು ಎಷ್ಟು ಕಷ್ಟ ಯೋಚ್ನೆ ಮಾಡಿ. ಸ್ಯಾನ್ಸ್‌ನ ಕಪ್‌ಹೆಡ್ ಥರ ಕುಣಿಸಿದ್ರೆ ಅವನು ಸ್ಯಾನ್ಸ್ ಆಗಿ ಉಳಿಯಲ್ಲ, ನೀಲಿ ಜಾಕೆಟ್ ಹಾಕಿರೋ ಯಾವುದೋ ಮೂಳೆ ಗೊಂಬೆ. ಕಪ್‌ಹೆಡ್‌ನ ಗಪ್‌ಚುಪ್ ನಿಲ್ಸಿದ್ರೆ ಅವನ ಜೀವಾನೇ ಹೋಯ್ತು. ಹಾಗಂತ ಮೂರನ್ನೂ ಅವರವರ ಮೂಲದ ಥರಾನೇ ಬಿಟ್ರೆ ಮೂರು ಬೇರೆ ಬೇರೆ ವಿಡಿಯೋದಿಂದ ಕತ್ತರಿಸಿ ಅಂಟಿಸ್ದಂಗೆ ಕಾಣುತ್ತೆ. ಗೆರೆ ದಪ್ಪ ಒಂದೇ ಇರ್ಬೇಕು, ಬೆಳಕು ಒಂದೇ ದಿಕ್ಕಿಂದ ಬೀಳ್ಬೇಕು, ಆದ್ರೆ ಚಲನೆಯ ಲಯ ಮಾತ್ರ ಪ್ರತಿಯೊಬ್ಬನದ್ದೂ ಬೇರೆ ಇರ್ಬೇಕು. ಯಾವ್ದಾದ್ರೂ ಒಳ್ಳೆ ಫ್ಯಾನ್ ಅನಿಮೇಷನ್ ಸಿಕ್ಕಿದ್ರೆ ಯೂಟ್ಯೂಬ್‌ನಲ್ಲಿ ವಿಡಿಯೋ ನಿಲ್ಸಿ, ಕೀಬೋರ್ಡ್‌ನಲ್ಲಿ ಫುಲ್‌ಸ್ಟಾಪ್ ಕೀ ಒತ್ತಿ, ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಒಂದು ಪಂಚ್ ಹೊಡಿಯೋ ಜಾಗದಲ್ಲಿ ಹೀಗೆ ಮಾಡಿ ನೋಡಿ, ಮಧ್ಯೆ ಒಂದೇ ಒಂದು ಫ್ರೇಮ್‌ನಲ್ಲಿ ಕೈ ಸ್ಕ್ರೀನಿನ ಅರ್ಧದಷ್ಟು ಉದ್ದಕ್ಕೆ ಎಳ್ಕೊಂಡು ಬಣ್ಣ ಒರೆಸ್ದಂಗೆ ಇರುತ್ತೆ, ಮುಂದಿನ ಫ್ರೇಮ್‌ಗೆ ಮತ್ತೆ ಸರಿಯಾದ ಮುಷ್ಟಿ. ಓಡ್ತಿರ್ವಾಗ ಆ ಚಿತ್ರ ನಮ್ ಕಣ್ಣಿಗೆ ಬೀಳೋದೇ ಇಲ್ಲ, ಹೊಡೆತದ ಜೋರು ಮಾತ್ರ ಗೊತ್ತಾಗುತ್ತೆ. ಸ್ಮಿಯರ್ ಫ್ರೇಮ್ ಅಂತಾರೆ ಅದನ್ನ. ಯಾರಿಗೂ ಕಾಣದ ಆ ಒಂದು ಚಿತ್ರಕ್ಕೂ ಒಬ್ರು ಕೂತು ಕೈ ನೋಯಿಸ್ಕೊಂಡಿರ್ತಾರೆ.

ಇನ್ನೊಂದು ಲೆಕ್ಕ ಹೇಳ್ತೀನಿ. 24 ಫ್ರೇಮ್‌ನ ವಿಡಿಯೋದಲ್ಲಿ ಒಂದು ಚಿತ್ರವನ್ನ ಎರಡೆರಡು ಫ್ರೇಮ್ ಹಿಡಿದ್ರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷ ಅಂದ್ರೆ 7,200. ಅದು ಒಂದೇ ಒಂದು ಪಾತ್ರ ಪೂರ್ತಿ ಹೊತ್ತು ಆಡ್ತಾನೇ ಇದ್ರೆ. ಮೂರು ಪಾತ್ರ ಇದ್ರೆ? ಸ್ಯಾನ್ಸ್ ಸುಮ್ನೆ ನಿಂತ ಕಡೆ ಒಂದಿಷ್ಟು ಉಳಿಯುತ್ತೆ ನಿಜ, ಆದ್ರೆ ಕಪ್‌ಹೆಡ್ ಪಕ್ಕದಲ್ಲಿದ್ರೆ ಅವನು ಒಂದು ಕ್ಷಣ ಕೂಡ ಉಳಿಸೋಕೆ ಬಿಡಲ್ಲ. ಬರೀ ಚಿತ್ರದ ಲೆಕ್ಕ ಇದು, ದನಿ ಕೊಡೋರು, ಮ್ಯೂಸಿಕ್ ಮಾಡೋರು, ಬ್ಯಾಕ್‌ಗ್ರೌಂಡ್ ಬರೆಯೋರು, ಎಲ್ಲ ಸೇರಿಸೋರು ಬೇರೆ, ಅದೂ ತುಂಬಾ ಜನ ಓದು ಕೆಲಸದ ಮಧ್ಯೆ ಮಾಡೋದು. ಹಂಗಾಗಿ ಮುಂದಿನ ಎಪಿಸೋಡ್ ಎಲ್ಲಿ, ಸತ್ತೋಯ್ತಾ ಪ್ರಾಜೆಕ್ಟು ಅಂತ ಬೈಯೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ದುಡ್ಡು ಕೊಟ್ಟು ತಗೊಂಡ ವಸ್ತು ಅಲ್ಲ ಇದು. ಲೇಟಾಗುತ್ತೆ, ಆಗ್ಲಿ. ನಿಂತೇ ಹೋದ್ರೂ ಬಂದಷ್ಟು ಬಂತಲ್ಲ ಅನ್ನೋಷ್ಟು ಮರ್ಯಾದೆ ನಾವು ಕೊಡ್ಬೇಕು.

ಯಾರು ಗೆಲ್ತಾರೆ ಅನ್ನೋ ಪ್ರಶ್ನೆಗಿಂತ ಸಾವಿರ ಪಾಲು ಚೆನ್ನಾಗಿರೋ ಪ್ರಶ್ನೆ ಒಂದಿದೆ. ಈ ಪ್ಯಾರಾದಲ್ಲಿ ಸ್ಪಾಯ್ಲರ್ ಇದೆ, ಗೇಮ್ ಆಡದೋರು ಮುಂದಿನದಕ್ಕೆ ಹೋಗ್ಬಿಡಿ. ಈ ಮೂರೂ ಗೇಮ್ ಒಳಗೊಳಗೆ ಒಂದೇ ವಿಷಯದ ಸುತ್ತ ಸುತ್ತುತ್ತೆ, ಮತ್ತೆ ಮತ್ತೆ ಮೊದಲಿಂದ ಶುರುವಾಗೋದು. ಕಪ್‌ಹೆಡ್ ಸೈತಾನನ ಕ್ಯಾಸಿನೋದಲ್ಲಿ ಸೋತು, ಆತ್ಮ ಉಳಿಸ್ಕೊಳ್ಳೋಕೆ ಬೇರೆ ಸಾಲಗಾರರ ಹತ್ರ ಹೋಗಿ ಅವರ ಆತ್ಮದ ಪತ್ರಗಳನ್ನ ವಸೂಲಿ ಮಾಡೋ ಹುಡುಗ, ಬಾಸ್ ಅನ್ನೋ ಒಂದೊಂದು ದೊಡ್ಡ ಶತ್ರು ಹತ್ರಾನೂ ಅವನು ನಮ್ ಕೈಯಲ್ಲಿ ಎಷ್ಟು ಸಲ ಸಾಯ್ತಾನೆ ಅಂತ ಆಡಿದೋರಿಗೆ ಗೊತ್ತು, ಆದ್ರೆ ಕಥೆಯಲ್ಲಿ ಆ ಸಾವುಗಳಿಗೆ ಲೆಕ್ಕಾನೇ ಇಲ್ಲ. ಬೆಂಡಿ ಗೇಮ್‌ನ ಕೊನೆಯಲ್ಲಿ, ನಾವು ಆಡೋ ಪಾತ್ರ ಹೆನ್ರಿ ಮತ್ತೆ ಅದೇ ಸ್ಟುಡಿಯೋ ಬಾಗಿಲಲ್ಲಿ ಮೊದಲ ಸಲ ಬಂದೋನ ಥರ ನಿಂತಿರ್ತಾನೆ. ಸ್ಯಾನ್ಸ್‌ಗೆ ಮಾತ್ರ ಕಾಲ ಹಿಂದಕ್ಕೆ ಹೋಗೋದು, ಎಲ್ಲ ಮತ್ತೆ ಮೊದಲಾಗೋದು ಗೊತ್ತು, ಅದಕ್ಕೇ ಅವನಿಗೆ ಯಾವ್ದರಲ್ಲೂ ಉತ್ಸಾಹ ಇಲ್ಲ, ಸೋಮಾರಿತನ ಅಂತ ನಾವು ನಗೋದು ಅವನ ದಣಿವು. ಎದುರಿಗಿರೋನ ಮುಖ ನೋಡೇ ನೀನು ಎಷ್ಟು ಸಲ ಸತ್ತು ಬಂದಿದ್ದೀಯ ಅಂತ ಹೇಳ್ಬಿಡ್ತಾನೆ ಅವನ ಜೊತೆಗಿನ ಫೈಟ್‌ನಲ್ಲಿ. ಈಗ ಕಪ್‌ಹೆಡ್‌ನ ಅವನ ಮುಂದೆ ನಿಲ್ಸಿ. ಸಾವಿರ ಸಲ ಸತ್ತು ಎದ್ದಿದ್ರೂ ಅದು ತನಗೇ ಗೊತ್ತಿಲ್ಲದ ಹುಡುಗ, ಅದನ್ನ ಮುಖದಲ್ಲೇ ಓದಬಲ್ಲ ಮುದಿ ಮನಸಿನ ಸ್ಯಾನ್ಸ್. ಇವರಿಬ್ರು ಒಂದೇಟೂ ಹೊಡೆಯದೆ ಎರಡು ನಿಮಿಷ ಮಾತಾಡಿದ್ರೆ ಸಾಕು, ನನಗೆ ಆ ಸೀನ್ ಯಾವ ಫೈಟ್‌ಗಿಂತಲೂ ದೊಡ್ಡದು. ಸ್ಯಾನ್ಸ್‌ನ ಕಣ್ಣಲ್ಲಿ ನೀಲಿ ಬೆಂಕಿ ಹಚ್ಚಿ ಆಕಾಶದಲ್ಲಿ ಹಾರಿಸೋ ವಿಡಿಯೋಗಳಲ್ಲಿ ಇದೆಲ್ಲ ಕಳೆದೇ ಹೋಗುತ್ತೆ.

ದೊಡ್ಡ ಕಂಪನಿ ಪಾತ್ರಗಳಿಗೆ ಅಭಿಮಾನಿಗಳು ಇಷ್ಟು ಸಲುಗೆ ತೋರ್ಸೋಕಾಗಲ್ಲ ಅನ್ನೋದನ್ನೂ ಮರೀಬಾರ್ದು. ಮಾರಿಯೋ, ಸೋನಿಕ್ ಎಲ್ಲ ಸೇರಿಸಿ 2006ರಲ್ಲಿ ಶುರುವಾದ ಸೂಪರ್ ಮಾರಿಯೋ ಬ್ರೋಸ್ ಝೆಡ್ ಅನ್ನೋ ಫ್ಯಾನ್ ಸೀರೀಸ್ ಎಷ್ಟೋ ಮಕ್ಕಳಿಗೆ ಹುಚ್ಚು ಹಿಡಿಸಿತ್ತು, 2016ರಲ್ಲಿ ಅದನ್ನ ಹೊಸದಾಗಿ ಶುರು ಮಾಡಿದಾಗ ನಿಂಟೆಂಡೋ ದೂರಿನಿಂದ ಅಭಿಮಾನಿಗಳು ದುಡ್ಡು ಕೊಡೋ ಅದರ ಪೇಟ್ರಿಯಾನ್ ಪೇಜ್ ಹೋಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ವರ್ಷಗಟ್ಲೆ ಕೂತು ಮಾಡಿದ ನಿಂಟೆಂಡೋದ ಮೆಟ್ರಾಯ್ಡ್ 2 ಗೇಮ್‌ನ ಫ್ಯಾನ್ ರೀಮೇಕ್ ಬಂದ ಕೆಲವೇ ದಿನಕ್ಕೆ ಡೌನ್‌ಲೋಡ್ ಲಿಂಕ್‌ಗಳೂ ಹೋದ್ವು. ಹಕ್ಕು ಅವರದ್ದು, ಕಾನೂನಲ್ಲಿ ತಪ್ಪಿಲ್ಲ, ಆದ್ರೂ ನೋವಾಗುತ್ತೆ. ಇಂಡಿ ಲೋಕದಲ್ಲಿ ಹವಾ ಬೇರೆ, ಅಲ್ಲಿ ಒಬ್ರ ಪಾತ್ರ ಇನ್ನೊಬ್ರ ಗೇಮ್‌ಗೆ ನೆಂಟರ ಮನೆಗೆ ಹೋದಂಗೆ ಹೋಗಿ ಬರೋದು ಮೊದ್ಲಿಂದಾನೂ ಇದೆ. 2010ರ ಸೂಪರ್ ಮೀಟ್ ಬಾಯ್‌ನಲ್ಲೇ ಬ್ರೇಡ್ ಗೇಮ್‌ನ ಟಿಮ್, ಬಿಟ್ ಟ್ರಿಪ್‌ನ ಕಮ್ಯಾಂಡರ್ ವಿಡಿಯೋ ಇದ್ರು, ಶವೆಲ್ ನೈಟ್ ಅನ್ನೋ ಇಂಡಿ ಗೇಮ್ ಹೀರೋ ಅಂತೂ ಹೋಗದ ಗೇಮ್ ಇಲ್ಲ ಅನ್ನಿ. ಅಭಿಮಾನಿಗಳು ಕೈ ಹಾಕೋ ಧೈರ್ಯ ಮಾಡಿದ್ದು ಈ ವಾತಾವರಣ ನೋಡಿನೇ.

ಇದನ್ನ ನಿಂಟೆಂಡೋದ ಸ್ಮ್ಯಾಶ್ ಬ್ರೋಸ್ ಅಲ್ಟಿಮೇಟ್ ಜೊತೆ ಇಟ್ಟು ನೋಡಿ. ಜಗತ್ತಿನ ಅತಿ ದೊಡ್ಡ ಕ್ರಾಸ್‌ಓವರ್ ಗೇಮ್‌ಗಳಲ್ಲಿ ಒಂದು ಅದು, 2019ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ಸ್ ಬಂದ, 2020ರ ಜನವರಿಯಲ್ಲಿ ಕಪ್‌ಹೆಡ್ ಬಂದ, ಎಲ್ರೂ ಕುಣಿದ್ವಿ. ಆದ್ರೆ ಬಂದಿದ್ದು ಬರೀ ವೇಷ, ಆಡೋರೇ ರೂಪ ಕೊಡೋ ಮೀ ಫೈಟರ್ ಅನ್ನೋ ಗೊಂಬೆಗೆ ಹಾಕೋ ಕಾಸ್ಟ್ಯೂಮ್. ಒಳಗಿರೋದು ಬೇರೆ ಯಾರೋ, ಓಡೋದು ಗುಂಡು ಹಾರಿಸೋದು ಎಲ್ಲ ಆ ಬೇರೆಯವನದ್ದೇ. ಕಪ್‌ಹೆಡ್‌ನ ಆ ತಾಳ, ಸ್ಯಾನ್ಸ್‌ನ ಆ ಸುಮ್ಮನಿರೋ ಗತ್ತು ಎರಡೂ ಅಲ್ಲಿಗೆ ಬರ್ಲಿಲ್ಲ. ಸಂಬಳ ಇಲ್ಲದೆ ಕೂತು ಬರೆಯೋ ಹುಡುಗ ಹುಡುಗೀರು ಅದನ್ನ ತರೋಕೆ ಒದ್ದಾಡ್ತಿದ್ದಾರಲ್ಲ, ಅದಕ್ಕೇ ನನಗೆ ಇವರ ಮೇಲೆ ಇಷ್ಟು ಪ್ರೀತಿ.

ಮಾಡ್, ಅಂದ್ರೆ ಇರೋ ಗೇಮ್‌ನ ಅಭಿಮಾನಿಗಳೇ ಬದಲಾಯಿಸಿ ಮಾಡೋ ಆವೃತ್ತಿ, ಅದರ ಬಗ್ಗೆಯೂ ಒಂದು ಮಾತು. 2020ರ ಅಕ್ಟೋಬರ್‌ನಲ್ಲಿ ಕೆಲವೇ ದಿನದಲ್ಲಿ ಗೇಮ್ ಮಾಡಿ ಮುಗಿಸೋ ಒಂದು ಗೇಮ್ ಜ್ಯಾಮ್‌ಗೆ ಅಂತ ಮಾಡಿದ ಫ್ರೈಡೇ ನೈಟ್ ಫಂಕಿನ್ ಅನ್ನೋ ಹಾಡಿನ ಗೇಮ್‌ನ ಕೋಡ್ ಎಲ್ರಿಗೂ ತೆರೆದಿತ್ತು, ಹಂಗಾಗಿ ಅದಕ್ಕೆ ಮಾಡ್‌ಗಳ ಪ್ರವಾಹಾನೇ ಬಂತು, 2021ರಲ್ಲಿ ಇಂಡಿ ಕ್ರಾಸ್ ಹೆಸರಲ್ಲೂ ಒಂದು ಬಂತು, ಕಪ್‌ಹೆಡ್ ಸ್ಯಾನ್ಸ್ ಬೆಂಡಿ ಮೂವರ ಜೊತೆ ಹಾಡಿನ ಪೈಪೋಟಿ. ಅದನ್ನ ಮೊದ್ಲು ಆಡಿ ಆಮೇಲೆ ಸೀರೀಸ್ ಕಡೆ ಬಂದೋರೇ ನನಗೆ ಹೆಚ್ಚು ಸಿಕ್ಕಿರೋದು. ಇಂಡಿ ಗೇಮ್‌ನ ಅಭಿಮಾನಿ ಅನಿಮೇಷನ್, ಆ ಅನಿಮೇಷನ್‌ಗೆ ಅಭಿಮಾನಿ ಮಾಡ್, ಅದೂ ಇನ್ನೊಂದು ಇಂಡಿ ಗೇಮ್ ಮೇಲೆ, ಈಗ ಆ ಮಾಡ್‌ನ ಹಾಡಿಗೆ ಮತ್ತೆ ಅನಿಮೇಷನ್ ಮಾಡೋರು. ಯಾರೂ ಪ್ಲ್ಯಾನ್ ಹಾಕಿ ಮಾಡಿದ್ದಲ್ಲ ಇದು. ಒಬ್ರು ಮಾಡಿದ್ದು ಇಷ್ಟ ಆಗಿ ಇನ್ನೊಬ್ರು ಪೆನ್ ಎತ್ಕೊಂಡಿದ್ದು.

ಇನ್ಮೇಲೆ ಇಂಥ ಸೀರೀಸ್ ಮಾಡೋರ ಹತ್ರ ನನ್ನದೊಂದು ಆಸೆ ಇದೆ. 2018ರ ಸೆಲೆಸ್ಟ್ ಗೇಮ್‌ನ ಮ್ಯಾಡ್‌ಲಿನ್‌ನ ಯಾರಾದ್ರೂ ತನ್ನಿ. ಅವಳ ಹತ್ರ ಕತ್ತಿ ಇಲ್ಲ, ಗನ್ ಇಲ್ಲ, ಯಾರನ್ನೂ ಹೊಡೆಯಲ್ಲ, ಬೆಟ್ಟ ಹತ್ತುತ್ತಾಳೆ, ಬೀಳ್ತಾಳೆ, ಮತ್ತೆ ಹತ್ತುತ್ತಾಳೆ, ಕೂದಲಿನ ಬಣ್ಣ ಕೆಂಪಿಂದ ನೀಲಿಗೆ ತಿರುಗಿದ್ರೆ ಗಾಳಿಯಲ್ಲಿ ಜೋರಾಗಿ ಚಿಮ್ಮೋ ಡ್ಯಾಶ್ ಮುಗೀತು ಅಂತ ಅರ್ಥ, ಮತ್ತೆ ನೆಲ ಮುಟ್ಟಿದ್ರೆ ಇನ್ನೊಂದು ಸಿಗುತ್ತೆ. ಆ ಒಂದು ಬಣ್ಣದ ಬದಲಾವಣೆಯಲ್ಲೇ ಒಂದು ಇಡೀ ಸೀನ್ ಕಟ್ಟಬಹುದು. ಫೈಟ್‌ಗೆ ಯಾವ ಉಪಯೋಗಕ್ಕೂ ಬಾರದ ಪಾತ್ರ ಅವಳು, ಅದಕ್ಕೇ ಅವಳು ಬರ್ಬೇಕು. ಕಪ್‌ಹೆಡ್ ಬೆರಳು ಚಾಚ್ಕೊಂಡು ಗುಂಡು ಹಾರಿಸೋಕೆ ರೆಡಿಯಾಗಿ ನಿಂತಾಗ ಅವಳು ಪಕ್ಕದಲ್ಲಿ ಏನ್ ಮಾಡ್ತಾಳೆ? ನಿಮ್ಗೆ ಏನ್ ಅನ್ಸುತ್ತೆ ಹೇಳಿ, ಪವರ್ ಲೆವೆಲ್ ಲೆಕ್ಕ ಮಾತ್ರ ಬೇಡ.